ಹಿಮದ ಟ್ರೆಕ್‌ಗೆ ಒಳಗೇನು ಹಾಕೋಣ? ಹತ್ತಿ, ಪಾಲಿಯೆಸ್ಟರ್, ಮೆರಿನೋ: ಒಂದು ಹೋಲಿಕೆ

ಉತ್ತರಾಖಂಡದ ಕೇದಾರ್‌ಕಾಂಠಾ ಟ್ರೆಕ್‌ನ ಮೊದಲ ದಿನ. ಸಾಂಕ್ರಿ ಹಳ್ಳಿಯಿಂದ ಜುಡಾ ಕಾ ತಾಲಾಬ್‌ವರೆಗೆ ಬರೀ ಏರು. ಡಿಸೆಂಬರ್ ಕೊನೆ, ದಾರಿಯುದ್ದಕ್ಕೂ ಹಿಮ. ಆದರೂ ನನ್ನ ಬೆನ್ನಲ್ಲಿ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಮೇಲೆ ತಲುಪಿ ಚೀಲ ಇಳಿಸಿದ್ದೇ ತಡ, ಐದು ನಿಮಿಷದಲ್ಲಿ ಹಲ್ಲು ಕಟಕಟ ಅನ್ನತೊಡಗಿತು. ಮೈಮೇಲೆ ಫ್ಲೀಸ್ (ಮೆತ್ತನೆ ಉಬ್ಬು ಬಟ್ಟೆಯ ಜಾಕೆಟ್) ಇತ್ತು, ಅದರ ಮೇಲೆ ದಪ್ಪ ಜಾಕೆಟ್ ಇತ್ತು. ನಡುಕ ಮಾತ್ರ ನಿಲ್ಲಲಿಲ್ಲ. ಒಳಗಿದ್ದ ಥರ್ಮಲ್ ಹಿಂಡಿದರೆ ನೀರು ಬರುವ ಹಾಗಿತ್ತು. ರಾತ್ರಿ ಅದನ್ನು ಬಿಚ್ಚಿ ಟೆಂಟಿನೊಳಗೆ ಹಗ್ಗಕ್ಕೆ ನೇತು ಹಾಕಿದೆ. ಬೆಳಿಗ್ಗೆ ನೋಡಿದರೆ ಎರಡೂ ತೋಳು ಹಲಗೆಯ ಹಾಗೆ ಸೆಟೆದುಕೊಂಡಿದ್ದವು. ಮಡಚಲು ಹೋದರೆ ಹಪ್ಪಳ ಮುರಿದ ಹಾಗೆ ಸದ್ದು.

ಅದನ್ನು ಕೊಂಡದ್ದು ಬೆಂಗಳೂರಿನ ಒಂದು ಅಂಗಡಿಯಲ್ಲಿ. ಒಳಗೆ ಕೈ ಹಾಕಿದರೆ ಬೆಕ್ಕಿನ ಮರಿಯ ಹೊಟ್ಟೆಯ ಹಾಗೆ ಮೆತ್ತಗೆ, ಬೆಚ್ಚಗೆ. ‘ಮೈನಸ್‌ಗೂ ಸಾಕು ಮೇಡಂ’ ಅಂದಿದ್ದರು. ಲೇಬಲ್ ಓದಿದ್ದು ಅದು ಹಪ್ಪಳವಾದ ಮೇಲೆ. ಹತ್ತಿ 60, ಪಾಲಿಯೆಸ್ಟರ್ 40. ಕ್ಯಾಂಪಿನ ಅಡುಗೆಯ ಭೈಯಾ ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ‘ಸೂತೀ ಹೈ’ (ಹತ್ತಿಯದ್ದು) ಅಂದು ನಕ್ಕರು.

ಆಮೇಲೆ ಇನ್ನೂ ಮೂರು ಚಳಿಗಾಲ ಹಿಮಕ್ಕೆ ಹೋಗಿ ಬಂದಿದ್ದೇನೆ, ಒಮ್ಮೆ ಲಡಾಖಿನ ಹೆಪ್ಪುಗಟ್ಟಿದ ನದಿಯ ಮೇಲಿನ ಚಾದರ್ ಟ್ರೆಕ್‌ಗೂ. ಪ್ರತಿ ನವೆಂಬರ್‌ನಲ್ಲಿ ಗೆಳತಿಯರು, ಆಫೀಸಿನವರು ಅದೇ ಪ್ರಶ್ನೆ ಕೇಳುತ್ತಾರೆ: ‘ಯಾವ ಥರ್ಮಲ್ ತಗೊಳ್ಳಲಿ?’ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಒಮ್ಮೆ ಬರೆದಿಡುತ್ತೇನೆ.

ಚಳಿಗಿಂತ ಮೊದಲು ಬೆವರು

ಒಳಗಿನ ಬಟ್ಟೆ ಬೆಚ್ಚಗಿಡಬೇಕು ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಬೆಚ್ಚಗಿಡುವುದು ಫ್ಲೀಸ್ ಮತ್ತು ಹಕ್ಕಿಯ ಮೆದು ಗರಿ ತುಂಬಿದ ಡೌನ್ ಜಾಕೆಟ್‌ನ ಕೆಲಸ. ಗಾಳಿ ತಡೆಯುವುದು ಎಲ್ಲಕ್ಕಿಂತ ಹೊರಗಿನ ಜಾಕೆಟ್‌ನ ಕೆಲಸ. ಮೈಗೆ ಅಂಟಿಕೊಂಡಿರುವ ಬೇಸ್ ಲೇಯರ್‌ನ ಮುಖ್ಯ ಕೆಲಸ ಬೆವರನ್ನು ಚರ್ಮದಿಂದ ಎತ್ತಿ ಆಚೆ ದಾಟಿಸುವುದು. ಅದು ಆಗದಿದ್ದರೆ ಮೇಲೆ ಎಷ್ಟು ಸಾವಿರದ ಜಾಕೆಟ್ ಹಾಕಿದರೂ ಸುಮ್ನೆ.

ಯಾಕೆ ಅಂದರೆ, ನಿಂತ ಗಾಳಿಗಿಂತ ನೀರು ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಒಣಗಿದ ಬಟ್ಟೆಯ ನೂಲಿನ ಸಂದಿಯಲ್ಲಿ ಗಾಳಿ ಇರುತ್ತದೆ, ಅದೇ ನಮ್ಮ ಹೊದಿಕೆ. ಆ ಸಂದಿಯಲ್ಲಿ ನೀರು ತುಂಬಿತು ಅಂದರೆ ಹೊದಿಕೆ ಹೋಯಿತು. ಹತ್ತುವಾಗ ಗೊತ್ತಾಗುವುದಿಲ್ಲ, ಮೈ ಒಲೆಯ ಹಾಗೆ ಉರಿಯುತ್ತಿರುತ್ತದೆ. ನಿಂತಾಗ ಗೊತ್ತಾಗುತ್ತದೆ. ಕೇದಾರ್‌ಕಾಂಠಾ ತುದಿ 12,500 ಅಡಿ. ಬೆಳಗಿನ ಜಾವ ಮೂರಕ್ಕೋ ನಾಲ್ಕಕ್ಕೋ ಹೊರಟು, ಬೆವರಿಳಿಸಿಕೊಂಡು ಹತ್ತಿ, ತುದಿಯಲ್ಲಿ ಗಾಳಿಗೆ ಮೈಯೊಡ್ಡಿ ಸೂರ್ಯೋದಯಕ್ಕೆ ಕಾಯುತ್ತೇವಲ್ಲ, ಆ ಅರ್ಧ ಗಂಟೆಗಾಗಿಯೇ ಈ ಎಲ್ಲ ಲೆಕ್ಕಾಚಾರ.

ಹೋಸಿಯರಿ ಅಂಗಡಿಯ ಥರ್ಮಲ್

ತಿಳಿ ಬೂದು ಅಥವಾ ಕೆನೆ ಬಣ್ಣ, ಒಳಗೆ ಉಜ್ಜಿ ಮೆತ್ತಗೆ ಮಾಡಿದ ಬಟ್ಟೆ, ಜೋಡಿಗೆ ಏಳೆಂಟು ನೂರು ರೂಪಾಯಿ. ಮನೆಯಲ್ಲಿ ಉತ್ತರ ಭಾರತ ಪ್ರವಾಸಕ್ಕೆ ಹೋಗಿ ಬಂದವರಿದ್ದರೆ ಬೀರುವಿನಲ್ಲಿ ಒಂದು ಜೋಡಿ ಇದ್ದೇ ಇರುತ್ತದೆ. ಹೆಚ್ಚಿನವು ಹತ್ತಿ, ಪಾಲಿಯೆಸ್ಟರ್, ವಿಸ್ಕೋಸ್ ಬೆರಕೆ.

ಇವು ಕೆಟ್ಟ ಬಟ್ಟೆ ಅಂತ ನಾನು ಹೇಳುವುದಿಲ್ಲ. ಜನವರಿಯ ದೆಹಲಿಗೆ, ಶಿಮ್ಲಾದ ಹೋಟೆಲಿಗೆ, ರಾತ್ರಿ ಬಸ್ಸಿಗೆ ಚೆನ್ನಾಗಿಯೇ ಇವೆ. ಅಲ್ಲಿ ನಾವು ಬೆವರುವುದಿಲ್ಲವಲ್ಲ. ಚೀಲ ಹೊತ್ತು ಹತ್ತುವಾಗ ಮಾತ್ರ ಬೇಡ. ಹತ್ತಿ ನೀರನ್ನು ಪ್ರೀತಿಸುತ್ತದೆ, ಬಿಟ್ಟುಕೊಡುವುದಿಲ್ಲ. ಒದ್ದೆಯಾದಾಗ ಅದರ ಎಳೆಗಳು ಒಂದಕ್ಕೊಂದು ಅಂಟಿ ಚಪ್ಪಟೆಯಾಗುತ್ತವೆ, ಗಾಳಿಗೆ ಜಾಗವೇ ಉಳಿಯುವುದಿಲ್ಲ. ನಮ್ಮೂರಿನ ಬೇಸಿಗೆಯಲ್ಲಿ ಹತ್ತಿ ಹಿತ ಅನಿಸುವುದೂ ಇದೇ ಗುಣದಿಂದ. ಅದು ಒದ್ದೆಯಾಗಿ ಮೈ ತಂಪು ಮಾಡುತ್ತದೆ. ಹಿಮದಲ್ಲಿ ನಮಗೆ ಬೇಕಿರುವುದು ಅದಕ್ಕೆ ಸರಿಯಾಗಿ ಉಲ್ಟಾ.

ಹೆಂಗಸರಿಗೆ ಒಂದು ಮಾತು. ಮೇಲೆ ನಾಲ್ಕು ಸಾವಿರದ ಮೆರಿನೋ (ಮೆರಿನೋ ಕುರಿಯ ನಯವಾದ ಉಣ್ಣೆ) ಹಾಕಿ ಒಳಗೆ ಹತ್ತಿಯ ಬ್ರಾ ಹಾಕಿಕೊಂಡರೆ ನಿಮ್ಮ ನಿಜವಾದ ಬೇಸ್ ಲೇಯರ್ ಆ ಬ್ರಾ. ಅದರ ಪಟ್ಟಿ ಒದ್ದೆಯಾಗಿ ಎದೆಗೂಡಿನ ಸುತ್ತ ಐಸಿನ ಹಗ್ಗ ಕಟ್ಟಿದ ಹಾಗಾಗುತ್ತದೆ. ಇದನ್ನು ಯಾವ ಪ್ಯಾಕಿಂಗ್ ಪಟ್ಟಿಯೂ ನನಗೆ ಹೇಳಿರಲಿಲ್ಲ. ಪಾಲಿಯೆಸ್ಟರ್ ಅಥವಾ ನೈಲಾನಿನ ಸ್ಪೋರ್ಟ್ಸ್ ಬ್ರಾ ತಗೊಳ್ಳಿ. ಗಂಡಸರ ಹತ್ತಿ ಬನಿಯನ್‌ಗೂ ಚಡ್ಡಿಗೂ ಇದೇ ಮಾತು. ದಿನಾ ಹಾಕುವ ಹತ್ತಿ ಲೆಗಿಂಗ್ಸ್ ಕೂಡ ಮನೆಯಲ್ಲೇ ಇರಲಿ.

ಪಾಲಿಯೆಸ್ಟರ್: ಅಗ್ಗ, ಚುರುಕು, ನಾತ

ಪಾಲಿಯೆಸ್ಟರ್ ಎಳೆ ತನ್ನೊಳಗೆ ನೀರನ್ನು ಬಿಟ್ಟುಕೊಳ್ಳುವುದೇ ಇಲ್ಲ ಅನ್ನಬಹುದು. ಸಾಧಾರಣ ಹವೆಯಲ್ಲಿ ಅದು ಹೀರುವ ತೇವ ತನ್ನ ತೂಕದ ಶೇ 0.4ರಷ್ಟು. ಹತ್ತಿಯದು ಶೇ 8ರ ಹತ್ತಿರ. ಹಾಗಾಗಿ ಬೆವರು ಎಳೆಗಳ ಮೇಲ್ಮೈಯಲ್ಲೇ ಹರಡಿ ಹೊರಗೆ ಹೋಗಿ ಆರುತ್ತದೆ. ಒಗೆದು ಹಿಂಡಿ ನೆರಳಿನಲ್ಲಿ ಹಾಕಿದರೂ ಬೇಗ ಒಣಗುತ್ತದೆ. ಚೀಲದ ಪಟ್ಟಿ ಉಜ್ಜಿದರೂ ಸವೆಯುವುದು ಕಡಿಮೆ. ಡೆಕಾಥ್ಲಾನ್‌ನಂಥ ಅಂಗಡಿಯಲ್ಲಿ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಒಳ್ಳೆಯದೇ ಸಿಗುತ್ತದೆ. ಮೊದಲ ಸಲ ಹಿಮಕ್ಕೆ ಹೋಗುವವರಿಗೆ, ಬೇಗ ಬೆವರುವವರಿಗೆ ನಾನು ಯೋಚಿಸದೆ ಹೇಳುವುದು ಇದನ್ನೇ.

ತೊಂದರೆ ಎರಡು. ಒಂದು ನಾತ. ಮೈಯ ಎಣ್ಣೆಯಂಶ ಪಾಲಿಯೆಸ್ಟರ್‌ಗೆ ಅಂಟಿ ಕೂರುತ್ತದೆ, ವಾಸನೆಯೂ ಜೊತೆಗೇ ಉಳಿಯುತ್ತದೆ. ಎರಡನೇ ದಿನಕ್ಕೆ ಟೆಂಟಿನಲ್ಲಿ ಪಕ್ಕದವರು ಮಾತಾಡದೆ ಜಿಪ್ ತೆರೆಯುತ್ತಾರೆ. ಇನ್ನೊಂದು, ಒದ್ದೆಯಾದ ಪಾಲಿಯೆಸ್ಟರ್ ಆರುವ ಮುಂಚೆ ಗಾಳಿ ಹೊಡೆದರೆ ಒಮ್ಮೆಲೇ ಛಳ್ಳನೆ ತಣ್ಣಗಾಗುತ್ತದೆ. ಹೆಚ್ಚು ಹೊತ್ತು ಅಲ್ಲ, ಹತ್ತು ಹದಿನೈದು ನಿಮಿಷ. ಅಷ್ಟು ಹೊತ್ತಿಗೆ ಮೇಲೊಂದು ಜಾಕೆಟ್ ಹಾಕಿಕೊಂಡು ಓಡಾಡುತ್ತಿದ್ದರೆ ಆಯಿತು.

ಮೆರಿನೋ: ಕಂಬಳಿಯ ಶ್ರೀಮಂತ ನೆಂಟ

ಉಣ್ಣೆ ಅಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಕಂಬಳಿ. ಚಳ್ಳಕೆರೆ, ರಾಣೆಬೆನ್ನೂರು ಹತ್ತಿರದ ಮೇಡ್ಲೇರಿ ಕಡೆ ಕುರುಬರು ನೇಯುವ ಕರಿ ಕಂಬಳಿ. ಬರಿ ಮೈಗೆ ತಾಗಿದರೆ ಚುಚ್ಚುತ್ತದೆ, ಅಲ್ವಾ? ಕಾರಣ ಎಳೆಯ ದಪ್ಪ. ಉಣ್ಣೆಯ ಎಳೆ 30 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಹತ್ತಿರ ಹೋದರೆ ಅದರ ತುದಿ ಬಾಗದೆ ಚರ್ಮಕ್ಕೆ ಚುಚ್ಚುತ್ತದೆ. ನಮ್ಮ ದಖನಿ ಕುರಿಯ ಉಣ್ಣೆ ಒರಟು. ಬೇಸ್ ಲೇಯರ್‌ಗೆ ಬಳಸುವ ಮೆರಿನೋ ಎಳೆ 17ರಿಂದ 19 ಮೈಕ್ರಾನ್ ಅಷ್ಟೇ. ತುದಿ ಬಾಗುತ್ತದೆ, ಚುಚ್ಚುವುದಿಲ್ಲ. ಸೂಕ್ಷ್ಮ ಚರ್ಮದವರಿಗೆ ಶುರುವಿನಲ್ಲಿ ಸ್ವಲ್ಪ ಕೆರೆತ ಅನಿಸಬಹುದು. ಅಂಥವರು ಲೇಬಲ್‌ನಲ್ಲಿ ಮೈಕ್ರಾನ್ ಸಂಖ್ಯೆ ಇದ್ದರೆ ಕಡಿಮೆ ಇರುವುದನ್ನು ಆರಿಸಿಕೊಳ್ಳಿ.

ಗುಣ ಮಾತ್ರ ಕಂಬಳಿಯದೇ. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಗದ್ದೆಗೆ ಇಳಿಯುವವರು ಕಂಬಳಿ ಕೊಪ್ಪೆ ಹಾಕಿಕೊಳ್ಳುತ್ತಿದ್ದರು. ನನ್ನ ಅಜ್ಜನ ಕೊಪ್ಪೆ ಸಂಜೆ ಹೊತ್ತಿಗೆ ಎರಡು ಕೆಜಿ ಭಾರವಾಗಿರುತ್ತಿತ್ತೋ ಏನೋ, ಆದರೂ ಒಳಗೆ ಅಜ್ಜ ಬೆಚ್ಚಗೇ ಇರುತ್ತಿದ್ದರು. ಉಣ್ಣೆಯ ಎಳೆಯ ಹೊರಮೈ ನೀರಿನ ಹನಿಯನ್ನು ದೂಡುತ್ತದೆ, ಒಳಭಾಗ ಆವಿಯನ್ನು ಹೀರುತ್ತದೆ. ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವ ಹೀರಿದರೂ ಮುಟ್ಟಿದವರಿಗೆ ಒದ್ದೆ ಅನಿಸುವುದಿಲ್ಲ. ಹಾಗೆ ಹೀರುವಾಗ ಒಂದಿಷ್ಟು ಶಾಖವೂ ಹೊರಬರುತ್ತದೆ. ಎಳೆ ಸುರುಳಿಯಾಗಿರುವುದರಿಂದ ಒದ್ದೆಯಾದರೂ ಪೂರ್ತಿ ಚಪ್ಪಟೆಯಾಗುವುದಿಲ್ಲ, ಗಾಳಿ ಉಳಿದಿರುತ್ತದೆ.

ಮತ್ತೆ ವಾಸನೆ. ಚಾದರ್‌ನಲ್ಲಿ ಒಂದೇ ಮೆರಿನೋ ಟಾಪ್ ಅನ್ನು ಆರು ದಿನ ಹಾಕಿದ್ದೆ. ಸ್ನಾನದ ಮಾತಂತೂ ಬಿಡಿ. ಲೇಹ್‌ಗೆ ಮರಳಿ ಬಂದು ಮೂಗಿಗೆ ಹಿಡಿದರೆ ಹೊಗೆಯ ವಾಸನೆ ಜಾಸ್ತಿ ಇತ್ತು, ಬೆವರಿನದು ಕಡಿಮೆ.

ಇಷ್ಟೆಲ್ಲ ಹೊಗಳಿದ ಮೇಲೆ ತೆಗಳಿಕೆಯೂ ಇದೆ. ಬೆಲೆ ಪಾಲಿಯೆಸ್ಟರ್‌ನ ಮೂರು ನಾಲ್ಕು ಪಟ್ಟು. ತೆಳು ಮೆರಿನೋ ಬೇಗ ತೂತು ಬೀಳುತ್ತದೆ. ನನ್ನದು ಸೊಂಟದ ಬೆಲ್ಟ್ ಉಜ್ಜುವ ಜಾಗದಲ್ಲಿ ಎರಡನೇ ಟ್ರೆಕ್‌ಗೇ ಜಾಳಾಯಿತು. ಪೂರ್ತಿ ಒದ್ದೆಯಾದರೆ ಒಣಗಲು ಪಾಲಿಯೆಸ್ಟರ್‌ಗಿಂತ ಹೆಚ್ಚು ಹೊತ್ತು ಬೇಕು. ನುಸಿಗೂ ಇದೆಂದರೆ ಪ್ರಾಣ, ಬೀರುವಿನಲ್ಲಿ ನುಸಿ ಗುಳಿಗೆ ಇಲ್ಲದೆ ಇಡಬೇಡಿ. ಒಗೆಯುವಾಗ ತಣ್ಣೀರು, ಮೆದು ಸೋಪು, ಹಾಸಿ ಒಣಗಿಸುವುದು. ನಮ್ಮಮ್ಮ ಪ್ರೀತಿಯಿಂದ ನನ್ನ ಮೊದಲ ಮೆರಿನೋ ಟಾಪನ್ನು ಬೆಡ್‌ಶೀಟುಗಳ ಜೊತೆ ಬಿಸಿನೀರಿನ ವಾಶ್‌ಗೆ ಹಾಕಿಬಿಟ್ಟರು. ಈಗ ಅದು ಅಣ್ಣನ ಏಳು ವರ್ಷದ ಮಗಳಿಗೆ ಸರಿಯಾಗುತ್ತದೆ.

ಕೊಳ್ಳುವಾಗ ಒಂದು ಎಚ್ಚರ. ಮುಂದೆ ದೊಡ್ಡದಾಗಿ ‘ಮೆರಿನೋ’ ಅಂತ ಬರೆದು, ಒಳಗಿನ ಲೇಬಲ್‌ನಲ್ಲಿ ಉಣ್ಣೆ ಶೇ 20, ಉಳಿದದ್ದು ಅಕ್ರಿಲಿಕ್ ಅಂತ ಇರುವವೂ ಸಿಗುತ್ತವೆ. ಅದಕ್ಕೆ ಮೆರಿನೋದ ಬೆಲೆ ಕೊಡಬೇಡಿ. ಆದರೆ ಶೇ 80ರ ಮೇಲೆ ಉಣ್ಣೆ, ಉಳಿದದ್ದು ನೈಲಾನ್ ಇದ್ದರೆ ಅದು ಮೋಸವಲ್ಲ. ಗಟ್ಟಿಯಾಗಲಿ ಅಂತಲೇ ಬೆರೆಸಿರುತ್ತಾರೆ. ಮುಂದಿನ ಸಲ ನಾನು ಕೊಳ್ಳುವುದು ಅದನ್ನೇ.

ಉಳಿದವು, ಚುಟುಕಾಗಿ

ರೇಷ್ಮೆ: ಮೈಸೂರಿನವರಿಗೆ ಬೇಜಾರಾಗಬಾರದು. ತೆಳು, ಹಗುರ, ಮೈಗೆ ಹಿತ. 1924ರಲ್ಲಿ ಎವರೆಸ್ಟ್ ಹತ್ತಲು ಹೋದ ಜಾರ್ಜ್ ಮ್ಯಾಲರಿಯ ದೇಹ 1999ರಲ್ಲಿ ಸಿಕ್ಕಾಗ ಮೈಮೇಲೆ ರೇಷ್ಮೆ, ಹತ್ತಿ, ಉಣ್ಣೆಯ ಹಲವು ತೆಳು ಪದರಗಳಿದ್ದವು. ಈಗಿನ ಲೆಕ್ಕದಲ್ಲಿ ರೇಷ್ಮೆ ಬೇಗ ಹರಿಯುತ್ತದೆ, ಜೋಪಾನ ಜಾಸ್ತಿ ಬೇಕು. ಸ್ಲೀಪಿಂಗ್ ಬ್ಯಾಗಿನ ಒಳಗವಸಿಗೆ, ಕೈಗವಸಿನ ಒಳಪದರಕ್ಕೆ ಚೆಂದ.

ಪಾಲಿಪ್ರೊಪಿಲೀನ್: ನೀರು ಹೀರುವುದು ಸೊನ್ನೆ, ಪಾಲಿಯೆಸ್ಟರ್‌ಗಿಂತ ಹಗುರ, ನಾತವೂ ಒಂದು ಕೈ ಮೇಲೆ. 160 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ. ಲಡಾಖಿನ ಮನೆಗಳಲ್ಲಿ ಬುಖಾರಿ ಅಂತ ಕಬ್ಬಿಣದ ಒಲೆ ಇರುತ್ತದೆ, ಎಲ್ಲರೂ ಅದರ ಸುತ್ತ ಬಟ್ಟೆ ಆರಿಸುತ್ತಾರೆ. ಇದನ್ನು ಅದರ ಹತ್ತಿರವೂ ಒಯ್ಯಬೇಡಿ.

ಯುನಿಕ್ಲೋದ ಹೀಟ್‌ಟೆಕ್ ಥರದವು: ಅಕ್ರಿಲಿಕ್, ಪಾಲಿಯೆಸ್ಟರ್, ರೇಯಾನ್, ಸ್ವಲ್ಪ ಸ್ಪ್ಯಾಂಡೆಕ್ಸ್. ಇದರಲ್ಲಿನ ರೇಯಾನ್ ಮೈಯ ಆವಿ ಹೀರಿ ಬೆಚ್ಚಗಾಗುತ್ತದೆ. ಟೊರೊಂಟೊದಲ್ಲಿರುವ ನನ್ನ ಅತ್ತಿಗೆ ಬಸ್ ಸ್ಟಾಪಿನಲ್ಲಿ ನಿಲ್ಲಲು ಇದನ್ನೇ ಹಾಕುವುದು, ಅಲ್ಲಿಗೆ ಸರಿಯಾಗಿದೆ. ಚೀಲ ಹೊತ್ತು ನಾಲ್ಕು ಗಂಟೆ ಹತ್ತುವುದಕ್ಕೆ ಅಲ್ಲ. ರೇಯಾನ್ ತುಂಬಿಕೊಂಡ ನೀರನ್ನು ಬೇಗ ಬಿಡುವುದಿಲ್ಲ.

ಬಲೆ ಬನಿಯನ್: ಇದು ತಮಾಷೆಯಲ್ಲ. ನಮ್ಮ ತಾತಂದಿರು ಹಾಕುತ್ತಿದ್ದ ತೂತು ತೂತಿನ ಬನಿಯನ್ ಇದೆಯಲ್ಲ, ಅದೇ ಉಪಾಯದ ಉಡುಪನ್ನು ನಾರ್ವೆಯಲ್ಲಿ 1933ರಲ್ಲಿ ಹೆನ್ರಿಕ್ ಬ್ರುನ್ ಎಂಬ ಸೇನಾಧಿಕಾರಿ ಮೀನಿನ ಬಲೆಯಿಂದ ಮಾಡಿಸಿದರು. ಬಲೆಯ ಕಣ್ಣುಗಳಲ್ಲಿ ಗಾಳಿ ನಿಲ್ಲುತ್ತದೆ, ಬೆವರು ಮೇಲಿನ ಪದರಕ್ಕೆ ಸಲೀಸಾಗಿ ದಾಟುತ್ತದೆ. ಉಣ್ಣೆಯ ಬಲೆಯೂ ಈಗ ಸಿಗುತ್ತದೆ. ನಮ್ಮ ಅಂಗಡಿಗಳಲ್ಲಿ ನಾನು ಕಂಡಿಲ್ಲ, ಹೊರದೇಶದಲ್ಲಿರುವವರು ಹುಡುಕಿ ನೋಡಬಹುದು.

ದಪ್ಪ ಎಷ್ಟಿರಬೇಕು?

ಲೇಬಲ್‌ನಲ್ಲಿ ಜಿಎಸ್‌ಎಂ ಅಂತ ಒಂದು ಸಂಖ್ಯೆ ಇರುತ್ತದೆ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅಂತ ಅರ್ಥ. 150 ಅಂದರೆ ತೆಳು, 200 ಮಧ್ಯಮ, 250 ದಪ್ಪ. ಹೆದರಿಕೆಯಿಂದ ಎಲ್ಲರೂ ದಪ್ಪದ್ದನ್ನೇ ಎತ್ತಿಕೊಳ್ಳುತ್ತಾರೆ. ಹತ್ತುವಾಗ ಅದನ್ನು ಬಿಚ್ಚಲು ಆಗುವುದಿಲ್ಲ, ಎಲ್ಲಕ್ಕಿಂತ ಒಳಗಿರುತ್ತದಲ್ಲ! ಬೆವರಿ ತೊಪ್ಪೆಯಾಗುತ್ತೀರಿ. ನಡೆಯಲು 150, ಬಿಟ್ಟರೆ 200. ಬೆಚ್ಚಗೆ ಬೇಕಾದರೆ ಮೇಲೆ ಇನ್ನೊಂದು ಪದರ ಸೇರಿಸಿ, ಅದನ್ನು ತೆಗೆಯಬಹುದು, ಹಾಕಬಹುದು.

ಅಳತೆ ಮೈಗೆ ಅಂಟುವ ಹಾಗಿರಲಿ. ಬಟ್ಟೆ ಚರ್ಮಕ್ಕೆ ತಾಗದಿದ್ದರೆ ಬೆವರನ್ನು ಎತ್ತುವುದು ಹೇಗೆ? ಒಂದು ಸೈಜ್ ದೊಡ್ಡದು ತಗೊಳ್ಳುವ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಟಾಪ್ ಉದ್ದ ಇರಲಿ, ಬಗ್ಗಿ ಶೂ ಕಟ್ಟುವಾಗ ಬೆನ್ನು ಕಾಣಬಾರದು. ಕೊರಳಿಗೆ ಅರ್ಧ ಜಿಪ್ ಇರುವುದು ಸಿಕ್ಕರೆ ಇನ್ನೂರು ರೂಪಾಯಿ ಜಾಸ್ತಿ ಕೊಟ್ಟಾದರೂ ಅದನ್ನೇ ತಗೊಳ್ಳಿ. ಏರಿನಲ್ಲಿ ಜಿಪ್ ಇಳಿಸಿದರೆ ಒಲೆಯ ಕಿಂಡಿ ತೆರೆದ ಹಾಗೆ, ಬಿಸಿ ಆಚೆ ಹೋಗುತ್ತದೆ. ಭುಜದ ಮೇಲೆ ದಪ್ಪ ಹೊಲಿಗೆ ಇದೆಯಾ ಅಂತ ಕೈಯಾಡಿಸಿ. ಚೀಲದ ಪಟ್ಟಿ ಕೂರುವುದು ಅಲ್ಲೇ.

ಕಾಲಿಗೆ ಅಷ್ಟು ತಲೆ ಕೆಡಿಸಿಕೊಳ್ಳುವುದು ಬೇಡ. ಬಿಸಿಲಿರುವ ಏರಿನ ದಿನ ನಾನು ಥರ್ಮಲ್ ಪ್ಯಾಂಟ್ ಹಾಕುವುದೇ ಇಲ್ಲ. ತುದಿ ಹತ್ತುವ ಬೆಳಗಿನ ಜಾವಕ್ಕೂ ಕ್ಯಾಂಪಿಗೂ ತೆಳು ಪಾಲಿಯೆಸ್ಟರ್ ಒಂದು ಸಾಕು.

ಯಾವ ದಾರಿಗೆ ಯಾವುದು

ಕೇದಾರ್‌ಕಾಂಠಾ, ಬ್ರಹ್ಮತಾಲ್, ಕುವಾರಿ ಪಾಸ್ ಥರದ ಚಳಿಗಾಲದ ಟ್ರೆಕ್‌ಗಳಲ್ಲಿ ಏರು ಜಾಸ್ತಿ, ದಿನ ಕಡಿಮೆ. ಬೆವರು ಖಂಡಿತ. ತೆಳು ಪಾಲಿಯೆಸ್ಟರ್ ಎರಡು ಇದ್ದರೆ ಕೆಲಸ ಆಗುತ್ತದೆ. ದುಡ್ಡಿದ್ದರೆ ತೆಳು ಮೆರಿನೋ.

ಚಾದರ್ ಬೇರೆ ಕಥೆ. ಜನವರಿ, ಫೆಬ್ರುವರಿಯಲ್ಲಿ ಹೆಪ್ಪುಗಟ್ಟಿದ ಝಂಸ್ಕಾರ್ ನದಿಯ ಮೇಲೆ ನಡಿಗೆ. ಏರಿಲ್ಲ, ಆದರೆ ರಾತ್ರಿ ಮೈನಸ್ 20ಕ್ಕೂ ಕೆಳಗೆ ಇಳಿಯುತ್ತದೆ. ಕಣಿವೆ ಆಳ, ಬಿಸಿಲು ಬೀಳುವುದೇ ಸ್ವಲ್ಪ ಹೊತ್ತು. ಒಗೆದದ್ದು ಒಣಗುವುದಿಲ್ಲ. ಮಂಜುಗಡ್ಡೆ ಒಡೆದು ಕಾಲು ನೀರಿಗಿಳಿಯುವ ಸಾಧ್ಯತೆಯೂ ಇದೆ. ಬೆವರು ಕಡಿಮೆ, ಚಳಿ ಜಾಸ್ತಿ, ದಿನಗಳು ಹೆಚ್ಚು. ಇಲ್ಲಿ ಮೆರಿನೋ ತನ್ನ ಬೆಲೆಗೆ ತಕ್ಕ ಕೆಲಸ ಮಾಡುತ್ತದೆ. 200 ಜಿಎಸ್‌ಎಂ ನಡೆಯಲು, ಅದರ ಮೇಲೆ ಫ್ಲೀಸ್.

ಬೈಕಿನಲ್ಲಿ ಲಡಾಖ್ ಹೋಗುವವರು ಇದನ್ನು ಉಲ್ಟಾ ಓದಿಕೊಳ್ಳಿ. ಖಾರ್ದುಂಗ್ ಲಾ ಎಂಬ ಬೆಟ್ಟದ ಕಣಿವೆದಾರಿಯಲ್ಲಿ, 5,359 ಮೀಟರ್ ಎತ್ತರದಲ್ಲಿ, ನೀವು ಕೂತಿರುತ್ತೀರಿ, ಗಾಳಿ ಹೊಡೆಯುತ್ತಿರುತ್ತದೆ. ಬೆವರೇ ಇಲ್ಲ. ಅಲ್ಲಿಗೆ 250ರ ದಪ್ಪ ಥರ್ಮಲ್ ಸರಿ. ನಾನು ಬೈದ ಹೋಸಿಯರಿ ಥರ್ಮಲ್ ಕೂಡ ಅಲ್ಲಿ ಪರವಾಗಿಲ್ಲ, ಮಳೆಗೆ ಮಾತ್ರ ಸಿಕ್ಕಿಹಾಕಿಕೊಳ್ಳಬಾರದು.

ಎಲ್ಲಿಗೇ ಹೋಗಿ, ಎರಡು ಜೋಡಿ ಬೇಕು. ಒಂದು ನಡೆಯಲು, ಒಂದು ಮಲಗಲು. ಮಲಗುವ ಜೋಡಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಚೀಲದ ತಳದಲ್ಲಿಡಿ. ಹಗಲು ಎಷ್ಟೇ ಚಳಿಯಾದರೂ ಅದನ್ನು ಮುಟ್ಟಬಾರದು. ಇದರಲ್ಲಿ ನಾನು ಬಲು ಕಟ್ಟುನಿಟ್ಟು. ಒದ್ದೆ ಬಟ್ಟೆಯಲ್ಲಿ ಸ್ಲೀಪಿಂಗ್ ಬ್ಯಾಗಿಗೆ ನುಗ್ಗಿದರೆ ಆ ರಾತ್ರಿ ನಿದ್ದೆ ಇಲ್ಲ. ದಪ್ಪ ಬೇಕು ಅನ್ನುವ ಆಸೆಯನ್ನು ಈ ಜೋಡಿಯಲ್ಲಿ ತೀರಿಸಿಕೊಳ್ಳಿ.

ದುಡ್ಡಿನ ಲೆಕ್ಕ ಹೀಗೆ. ಡೌನ್ ಜಾಕೆಟ್, ಹಿಮ ಒಳಹೋಗದಂತೆ ಕಾಲಿಗೆ ಕಟ್ಟುವ ಗೇಟರ್, ಜಾರದಂತೆ ಶೂಗೆ ಹಾಕುವ ಮುಳ್ಳಿನ ಮೈಕ್ರೋಸ್ಪೈಕ್, ಎಲ್ಲ ಸಾಂಕ್ರಿಯಲ್ಲೂ ಲೇಹ್‌ನಲ್ಲೂ ಬಾಡಿಗೆಗೆ ಸಿಗುತ್ತವೆ. ಬೇರೆಯವರು ಬೆವರಿದ ಒಳಬಟ್ಟೆಯನ್ನು ಮಾತ್ರ ಯಾರೂ ಬಾಡಿಗೆಗೆ ತಗೊಳ್ಳುವುದಿಲ್ಲ. ಜಾಕೆಟ್‌ಗೆ ಇಟ್ಟ ದುಡ್ಡನ್ನು ಇತ್ತ ತಿರುಗಿಸಿ. ಮೂರು ಸಾವಿರದೊಳಗೆ ಮುಗಿಸಬೇಕೆಂದರೆ ನಡೆಯಲು ಪಾಲಿಯೆಸ್ಟರ್ ಟಾಪ್ ಎರಡು, ಪ್ಯಾಂಟ್ ಒಂದು. ಮಲಗಲು ಮನೆಯಲ್ಲಿರುವ ಹಳೇ ಥರ್ಮಲ್ಲೇ ಇರಲಿ, ಒಣಗಿದ್ದರೆ ಅದೂ ಬೆಚ್ಚಗೇ. ಇನ್ನು ನಾಲ್ಕು ಸಾವಿರ ಸೇರಿಸಬಹುದು ಅಂದರೆ ಒಂದು ಮೆರಿನೋ ಟಾಪ್ ಸೇರಿಸಿ, ಮೆರಿನೋ ಪ್ಯಾಂಟ್ ಬೇಡ.

ಕೊಂಡ ಮೇಲೆ ಟ್ಯಾಗ್ ಕೀಳುವ ಮುಂಚೆ ಹಾಕಿ ನೋಡಿ. ಕೈ ಮೇಲೆತ್ತಿ, ಬಗ್ಗಿ, ಕುಕ್ಕರುಗಾಲಲ್ಲಿ ಕೂತು ಏಳಿ. ಸರಿಯಾಗಿದ್ದರೆ ಮುಂದಿನ ಭಾನುವಾರ ಸ್ಕಂದಗಿರಿಗೋ ಮುಳ್ಳಯ್ಯನಗಿರಿಗೋ ಚೀಲ ಹೊತ್ತು ಬೆಳಗಿನ ಜಾವ ಹತ್ತಿ. ಮೇಲೆ ಗಾಳಿಗೆ ಹತ್ತು ನಿಮಿಷ ನಿಂತರೆ ಬೆನ್ನೇ ಹೇಳುತ್ತದೆ.

ಅದೂ ಆಗದಿದ್ದರೆ ನಾನು ಮಾಡಿದ ಹಾಗೆ ಮಾಡಿ. ಒಂದು ಡಿಸೆಂಬರ್ ಶನಿವಾರ ಮೂರು ಟಾಪನ್ನೂ ಒಂದೇ ಬಕೆಟ್ಟಿನಲ್ಲಿ ಅದ್ದಿ, ಸಮನಾಗಿ ಹಿಂಡಿ, ಬಾಲ್ಕನಿಯ ನೆರಳಿನಲ್ಲಿ ಸಾಲಾಗಿ ನೇತು ಹಾಕಿದೆ. ತಿಂಡಿ ತಿಂದು, ತರಕಾರಿ ತಂದು ಬರುವಷ್ಟರಲ್ಲಿ ಪಾಲಿಯೆಸ್ಟರ್ ಒಣಗಿತ್ತು. ಮೆರಿನೋ ಮಧ್ಯಾಹ್ನದ ಊಟದ ಹೊತ್ತಿಗೂ ತಣ್ಣಗಿತ್ತು, ಕಾಫಿ ಹೊತ್ತಿಗೆ ಆಯಿತು. ಆ 60-40ರದ್ದನ್ನು ರಾತ್ರಿ ಊಟಕ್ಕೆ ಕೂರುವ ಮುಂಚೆ ಮುಟ್ಟಿ ನೋಡಿದೆ. ಕಂಕುಳ ಹೊಲಿಗೆ, ತೋಳಿನ ಪಟ್ಟಿ ಎರಡೂ ಇನ್ನೂ ತೇವ. ಅದೂ ಬೆಂಗಳೂರಿನಲ್ಲಿ.